ಕಣ್ಣು ತೆರೆಸಿದ್ದು

ನೆಗೆಟಿವ್ ಮೇಲೆ ಕುಂಚ ಆಡಿಸುತ್ತಿದ್ದ ಕಾಲದಿಂದಲೂ ನಾಗವೇಣಿ ಆ ಪ್ರೆಸ್ಸಿನಲ್ಲಿ ಚಿತ್ರ ತಿದ್ದುತ್ತಿದ್ದಳು. ಈಗ ಕುಂಚದ ಜಾಗಕ್ಕೆ ಫೋಟೋಶಾಪ್ ಬಂದಿತ್ತು. ತೀರಿಹೋದ ತನ್ನ ತಾಯಿಯ ವೈಕುಂಠ ಸಮಾರಾಧನೆಯ ಕಾರ್ಡಿಗೆಂದು ಗಿರಾಕಿಯೊಬ್ಬ ಕೊಟ್ಟದ್ದು ಒಂದೇ ಒಂದು ಫೋಟೋ. ಅದರಲ್ಲೂ ಆಕೆ ಕಣ್ಣು ಮುಚ್ಚಿದ್ದರು. ಕಣ್ಣು ತೆರೆಸಿಕೊಡಬೇಕೆಂದು ಹೇಳಿ ಹೋಗಿದ್ದ.

ಮೊದಲ ಪ್ರತಿ ನೋಡಿದವನೇ ಅದನ್ನು ಮೇಜಿನ ಮೇಲೆ ಬಿಸಾಡಿದ.

"ಏನಮ್ಮಾ, ಇವು ಯಾರ ಕಣ್ಣು? ನಮ್ಮಮ್ಮ ಹಸುವಿನಂಥೋರು. ಒಬ್ಬರನ್ನೂ ಹಿಂಗೆ ದುರುಗುಟ್ಟಿ ನೋಡಿದೋರಲ್ಲ."

"ಇನ್ನೊಂದ್ಸಲ ನೋಡಿ ಸಾರ್."

"ಏನು ನೋಡೋದು? ಯಾವನೋ ಕೇಡಿ ಕಣ್ಣು ತಂದು ಅಂಟಿಸಿದೀಯ. ಇದನ್ನ ನೆಂಟರಿಗೆ ಹಂಚೋದು ಹೆಂಗೆ? ಕಂಪ್ಯೂಟರ್ ಮುಂದೆ ಕೂತ ಮಾತ್ರಕ್ಕೆ ಕೆಲಸ ಬಂದಂಗಾಯ್ತಾ?"

ನಾಗವೇಣಿ ದನಿ ಏರಿಸಲಿಲ್ಲ. "ಅಮ್ಮನ ತೆರೆದ ಕಣ್ಣಿನ ಫೋಟೋ ಬೇರೆ ಇರಲಿಲ್ಲವಲ್ಲ ಸಾರ್. ನೀವು ಕೊಟ್ಟ ಫೋಟೋದಲ್ಲೇ ಅಮ್ಮನ ಪಕ್ಕ ನಿಂತಿದ್ದ ನಿಮ್ಮ ಕಣ್ಣು ತೆಗೆದು ಇಟ್ಟೆ."