ಜಾಡಿಯ ಸ್ವರ

ನಡುರಾತ್ರಿ ಪಿಂಗಾಣಿ ಜಾಡಿಯೊಳಗಿಂದ ಸಣ್ಣಗೆ ಕೆಮ್ಮಿದ ಸದ್ದು ಕೇಳಿತು. ಒಳಗಿನ ಸ್ವರ ಎಚ್ಚೆತ್ತಿದೆ, ಬಿರಡೆ ತೆಗೆಯದಿದ್ದರೆ ಬೆಳಗಿನೊಳಗೆ ಆರಿಹೋಗುತ್ತದೆ. ಜಾಡಿ ಬಂದದ್ದು ಪಕ್ಕದ ಮನೆಯ ಬಚ್ಚಿಯ ಹೆಸರಿಗೆ; ದುಭಾಷಿ ಗಿರಿಯಮ್ಮ ಅವಳನ್ನು ಎಬ್ಬಿಸಿ ತನ್ನ ಮನೆಗೆ ಕರೆತಂದಳು.

ಚೀನಾ ಚಕ್ರವರ್ತಿಯ ಹಡಗುಗಳು ಬಸರೂರಿಗೆ ರೇಷ್ಮೆಯ ಜೊತೆ, ದೂರದವರು ಸ್ವರ ತುಂಬಿ ಕಳಿಸುವ ಇಂಥ ಜಾಡಿಗಳನ್ನೂ ತರುತ್ತವೆ. ಒಂದು ಜಾಡಿ ಒಂದೇ ಸಲ ಮಾತಾಡುತ್ತದೆ. ಬಚ್ಚಿಯ ಮಗ ಶೀನ ಎಷ್ಟೋ ವರ್ಷಗಳ ಹಿಂದೆ, ಮೀಸೆ ಮೂಡುವ ಮೊದಲೇ, ಕಪ್ಪದ ಮೆಣಸಿನ ಜೊತೆ ಅಂಥದೊಂದು ಹಡಗು ಹತ್ತಿದ್ದ.

ಬಿರಡೆ ಬಿಚ್ಚಿದೊಡನೆ ಗಂಡುದನಿಯೊಂದು "ಅಬ್ಬೇ" ಎಂದು ತಾಯಿಯನ್ನು ಕರೆಯಿತು. ಮುಂದಿನದೆಲ್ಲ ಚೀನೀ ಮಾತು, ಗಿರಿಯಮ್ಮನಿಗೆ ಮಾತ್ರ ತಿಳಿಯುವಂಥದ್ದು: "ನಾನು ಶೀನನ ಗೆಳೆಯ. ಅವನು ಸಮುದ್ರದ ಪಾಲಾದ. ಕೊನೆಗೆ ಈ ಒಂದು ಶಬ್ದ ಕೂಗಿದ. ನಿಮಗೆ ಮುಟ್ಟಿಸಬೇಕು ಅನ್ನಿಸಿತು."

ಬಚ್ಚಿ ಕಣ್ಣೊರೆಸಿಕೊಂಡು ನಕ್ಕಳು. "ಸ್ವರ ಎಷ್ಟ್ ದಪ್ಪ ಆಯ್ತ್, ಕೇಂಡ್ಯಾ? ಅಬ್ಬೆ ಅಂಬುದೊಂದ್ ಬಿಟ್ಟ್ ಎಲ್ಲ ಮರ್ತಿದ. ಶೀನ ಹೋಯಿ ಚೀನ ಆದ! ಎಂತ ಹೇಳ್ದ, ಗಿರಿಯಕ್ಕ?"

ಗಿರಿಯಮ್ಮ ಕೈಯಲ್ಲಿದ್ದ ಬಿರಡೆಯನ್ನು ನೋಡುತ್ತ ಹೇಳಿದಳು:

"ಉಂಡ್ಯಾ ಅಂದೇಳಿ ಕೇಂಡ."

"ಉಂಡೆ ಮಗಾ," ಎಂದು ಬಚ್ಚಿ ಬರಿದಾದ ಜಾಡಿಯೊಳಕ್ಕೆ ಬಗ್ಗಿ ಹೇಳಿದಳು.

ಈ ರಾತ್ರಿ ಕೇಳಿದ್ದನ್ನು ಯಾರೊಡನೆಯೂ ಆಡಬಾರದೆಂದು ಗಿರಿಯಮ್ಮ ನಿಶ್ಚಯಿಸಿಕೊಂಡಳು.