ಮೇಷ್ಟ್ರ ಮನೆಯ ಓತಿಕ್ಯಾತಗಳು

ಸೀಬೆ ಗಿಡದ ಕೊಂಬೆಯ ಮೇಲಿದ್ದ ಓತಿಕ್ಯಾತ ಕದಿರಯ್ಯ ಮೇಷ್ಟ್ರನ್ನೇ ನೋಡುತ್ತ ತಲೆ ಆಡಿಸಿತು. ಮೇಷ್ಟ್ರು ನೀರಿನ ಚೊಂಬನ್ನು ಎದೆಗೆ ಅವುಚಿಕೊಂಡು ಕಲ್ಲಾಗಿ ನಿಂತುಬಿಟ್ಟರು.

ಹಲ್ಲಿ ಜಾತಿಯ ಯಾವುದನ್ನು ಕಂಡರೂ ಚಿಕ್ಕಂದಿನಿಂದ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಕೊಳಾಲದ ಶಾಲೆಯಲ್ಲಿ ಅವರ ಬೆತ್ತಕ್ಕೆ ಹೆದರದ ಹುಡುಗರಿರಲಿಲ್ಲ. ಹಾಗಾಗಿ ಈ ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಂಡತಿಗಂತೂ ಹೇಳುವ ಮಾತೇ ಇಲ್ಲ.

ಆ ಹೆಂಡತಿಯೇ ಈಗ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮಹಾಲಕ್ಷ್ಮಮ್ಮ, ಪಾವಗಡ ಸೀಮೆಯವಳು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿ ಬಂದಿದ್ದಳು.

"ಅದ್ಯಾಕ್ರೀ ಅಂಗೆ ನಿಂತ್ಬುಟ್ರಿ?"

ಮೇಷ್ಟ್ರು ಮಾನ ಉಳಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿದರು. "ನೋಡ್ತಾ ಇದ್ದೆ ಕಣೇ. ಎಷ್ಟು ಮುದ್ದಾಗೈತೆ! ನಂಗೆ ಇವು ಅಂದ್ರೆ ಪ್ರಾಣ."

ಅವಳು ಬಾಗಿಲಲ್ಲೇ ನಿಂತು ಕೊಂಬೆಯ ಕಡೆ ಒಮ್ಮೆ ನೋಡಿದಳು. "ಔದಾ?" ಎಂದು ಒಳಗೆ ಹೋದಳು.

ಸಂಜೆ ಶಾಲೆಯಿಂದ ಬಂದರೆ ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಗುಡಾಣ, ಅದರ ಬಾಯಿಗೆ ಜರಡಿ, ಜರಡಿಯ ಮೇಲೊಂದು ಕಲ್ಲು. ಒಳಗೆ ಬೆಳಗಿನ ಓತಿಕ್ಯಾತ!

"ಟವಲ್ ಎಸೆದು ಹಿಡ್ಕಂಬುಟ್ಟೆ ಕಣ್ರೀ," ಎಂದಳು ಮಹಾಲಕ್ಷ್ಮಮ್ಮ. ಮುಖವೆಲ್ಲ ಬೆವರು. ಕಣ್ಣು ಇಷ್ಟಗಲ.

ಇವಳಿಗೆ ಎಂಥಾ ಸಂಭ್ರಮ ಎಂದುಕೊಂಡರು ಮೇಷ್ಟ್ರು. ಆಚೆ ಬಿಡು ಎಂದರೆ ತಮ್ಮ ಗುಟ್ಟು ಬಯಲಾಗುತ್ತದೆ. ಜೊತೆಗೆ, ಪಾಪ, ತೌರು ಬಿಟ್ಟು ಬಂದ ಹುಡುಗಿಯ ಆಸೆಗೆ ಕಲ್ಲು ಹಾಕಿದಂತಾಗುತ್ತದೆ. "ಭೇಷ್!" ಎಂದವರು ಅಂದಿನಿಂದ ಊಟದ ತಟ್ಟೆಯನ್ನು ಪಡಸಾಲೆಗೆ ತರಿಸಿಕೊಂಡರು.

ಅವಳಿಗೆ ಅದರ ಮೇಲೆ ಅದೆಷ್ಟು ಅಕ್ಕರೆ! ಕೈ ತಾಕಿ ನೋವಾದೀತೆಂದು ಮಿಡತೆಯನ್ನು ಇಕ್ಕಳದಲ್ಲಿ ಹಿಡಿದು ಹಾಕುತ್ತಿದ್ದಳು. ಜರಡಿ ಸರಿಸುವ ಮುಂಚೆ ಗಟ್ಟಿಯಾಗಿ ದೇವರ ಪದ ಹಾಡುತ್ತಿದ್ದಳು. ಹಾಡುವಾಗ ಕಣ್ಣು ತಾನಾಗಿ ಮುಚ್ಚಿಹೋಗುತ್ತಿತ್ತು. ಬಾಗಿಲ ಮರೆಯಿಂದ ನೋಡುತ್ತಿದ್ದ ಮೇಷ್ಟ್ರಿಗೆ ಕರುಳು ಚುರ್ರೆನ್ನುತ್ತಿತ್ತು.

ಆ ಪ್ರೀತಿಯ ಭರದಲ್ಲೇ ಒಂದು ದಿನ ಅವರು ಹಲ್ಲು ಕಚ್ಚಿಕೊಂಡು, ಬೇಲಿಯ ಮೇಲಿದ್ದ ಇನ್ನೊಂದನ್ನು ಛತ್ರಿಯೊಳಗೆ ಬೀಳಿಸಿಕೊಂಡು ಬಂದರು.

"ತಗೋ, ನಿಂಗೇಂತ ತಂದೆ."

ಮಹಾಲಕ್ಷ್ಮಮ್ಮ ಛತ್ರಿಯನ್ನು ತುದಿಬೆರಳಲ್ಲಿ ತೆಗೆದುಕೊಂಡಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಮರುವಾರ ಅವಳೂ ಸುಮ್ಮನಿರಲಾರದೆ ಮೂರನೆಯದನ್ನು ಹಿಡಿದಳು.

ಅಷ್ಟರಲ್ಲಿ ಮಾವ ದೊಡ್ಡರಂಗಯ್ಯ ಮಗಳನ್ನು ನೋಡಲು ಕೊರಟಗೆರೆ ಬಸ್ಸಿಳಿದು ಬಂದ. ಗುಡಾಣಕ್ಕೆ ಇಣುಕಿದ. ಮಗಳ ಕಡೆ ತಿರುಗಿದ.

"ಇವುನ್ನ ಸಾಕಿರೋದು ನೀನಾ? ನೀನಾ ಲಕ್ಷ್ಮೀ?"

"ಸುಮ್ಕಿರಪ್ಪೋ," ಎಂದು ಅವಳು ಅಪ್ಪನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಮುದುಕ ವಾಪಸ್ಸು ಬಂದಾಗ ನಕ್ಕು ನಕ್ಕು ಕಣ್ಣುಮೂಗು ಒರೆಸಿಕೊಳ್ಳುತ್ತಿದ್ದ. "ಅಳಿಯಂದ್ರೇ, ಗಟ್ಟಿಗರು ಬುಡಿ ನೀವು!"

ಮೇಷ್ಟ್ರು ಮೀಸೆ ತೀಡಿಕೊಂಡರು.

ಮಾವನನ್ನು ಬಸ್ಸು ಹತ್ತಿಸಿ ಬಂದು, ಕುಡಿಯಲು ನೀರು ಬೇಕೆಂದು ಅಡುಗೆಮನೆಗೆ ಕಾಲಿಟ್ಟಿದ್ದರು ಅಷ್ಟೇ. ಪಕ್ಕದ ಮನೆಯ ಬೆಕ್ಕು ಅಟ್ಟದಿಂದ ನೇರ ಜರಡಿಯ ಮೇಲೆ ಹಾರಿತು. ಗುಡಾಣ ಉರುಳಿ ಒಡೆಯಿತು. ಎರಡು ಓತಿಕ್ಯಾತ ಸೌದೆಯ ಕಡೆ ಓಡಿದವು. ಮೂರನೆಯದು ಮೇಷ್ಟ್ರ ಪಂಚೆಯ ಅಂಚು ಹಿಡಿಯಿತು.

"ಅವ್ವಾ!"

ಇಷ್ಟು ದಿನ ಕಾಪಾಡಿಕೊಂಡು ಬಂದ ಮಾನ ಆ ಒಂದು ಕೂಗಿಗೆ ಹೋಯಿತು. ಪಂಚೆಯನ್ನು ಅಲ್ಲೇ ಬಿಟ್ಟು, ಬರೀ ಚಡ್ಡಿಯಲ್ಲಿ ಪಡಸಾಲೆ ದಾಟಿ, ಕೋಣೆಗೆ ನುಗ್ಗಿ, ಕಣ್ಣುಮುಚ್ಚಿ ಮಂಚದ ಮೇಲೆ ನೆಗೆದರು.

ಮಂಚದ ಮೇಲೆ ಜಾಗವಿರಲಿಲ್ಲ. ಸೀರೆಯನ್ನು ಮೊಣಕಾಲಿಗೆತ್ತಿ, ಸೆರಗನ್ನು ಬಾಯಿಗೆ ತುರುಕಿಕೊಂಡು, ಮಹಾಲಕ್ಷ್ಮಮ್ಮ ಗುಡಾಣ ಒಡೆದ ಸದ್ದಿಗೇ ಹತ್ತಿ ಗಡಗಡ ನಡುಗುತ್ತ ನಿಂತಿದ್ದಳು.