ಹನಮಪ್ಪ ಬಿಟ್ಟುಹೋದ ಕುಣಿ

ಹುಡುಗಿಯ ಅಪ್ಪ ದುರಗಪ್ಪನವರು ಜಮಖಾನೆಯ ಮೇಲೆ ಕಾಲಿಟ್ಟದ್ದೇ ತಡ, ಜಮಖಾನೆಯ ಸಮೇತ ಸೊಂಟದ ತನಕ ನೆಲದೊಳಗೆ ಇಳಿದುಬಿಟ್ಟರು.

ಇಳಕಲ್ಲಿನ ಆ ಬಾಡಿಗೆ ಮನೆಯ ಪಡಸಾಲೆಯಲ್ಲಿ ಮಗ್ಗದ ಕುಣಿಯೊಂದಿತ್ತು. ಹಿಂದಿದ್ದ ನೇಕಾರ ಹನಮಪ್ಪ ಮಗ್ಗವನ್ನೇನೋ ಬಿಚ್ಚಿಕೊಂಡು ಹೋದ. ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ಕುಣಿಯನ್ನು ಹೊತ್ತೊಯ್ಯಲು ಬರುತ್ತದೆಯೇ? ಮುಚ್ಚಿಸಿಬಿಡೋಣವೇ ಎಂದು ಈಗ ಬಾಡಿಗೆಗಿರುವ ಕಲ್ಲೇಶ ಮಾಸ್ತರ ಕೇಳಿದ್ದಕ್ಕೆ, ಅನ್ನ ಕೊಟ್ಟ ಕುಣಿಗೆ ಮಣ್ಣು ಹಾಕುತ್ತಾರೇನು ಎಂದು ಮನೆಯೊಡತಿ ಸಾವಂತ್ರವ್ವ ಗದರಿಸಿದ್ದಳು. ಪಾಪ, ಅವನು ಹಳೆಯ ಹಲಗೆ ಹಾಸಿ, ಮೇಲೆ ಜಮಖಾನೆ ಹೊದಿಸಿ, ಮನೆ ನೋಡಲು ಬರುವ ಭಾವೀ ಮಾವನಿಗಾಗಿ ಕಾದಿದ್ದ. ವಯಸ್ಸು ಮೂವತ್ತೈದು ದಾಟಿತ್ತು. ಹುಡುಗಿ ರಾಧಿಕಾ ಒಪ್ಪಿದ್ದಳು, ಅವನಂತೂ ಅವಳನ್ನು ಕಂಡ ದಿನದಿಂದ ನಿದ್ದೆಗೆಟ್ಟಿದ್ದ. ಉಳಿದದ್ದು ಅವಳಪ್ಪನ ಒಂದು ಮಾತು. ಆ ಅಪ್ಪನೇ ಈಗ ಕುಣಿಯಲ್ಲಿ!

"ಪೆಟ್ಟಾತೇನ್ರಿ?" ಕಲ್ಲೇಶ ಕೈ ಚಾಚಿದ. ಮದುವೆ ಮುರಿಯಿತೆಂದೇ ಅವನ ಲೆಕ್ಕ.

ದುರಗಪ್ಪನವರು ಕೈ ಹಿಡಿಯಲಿಲ್ಲ. ಸಾವರಿಸಿಕೊಂಡು ಕುಣಿಯ ಅಂಚಿನ ಮೇಲೆ ಕುಳಿತರು. ತಳದಲ್ಲಿ ಹನಮಪ್ಪನ ಹಿಮ್ಮಡಿಗಳು ಸವೆಸಿದ ಎರಡು ತಗ್ಗುಗಳಿದ್ದವು. ಇವರ ಪಾದಗಳು ತಾವಾಗಿಯೇ ಅಲ್ಲಿ ಹೋಗಿ ಕೂತವು. ಗಂಟಿಕ್ಕಿದ ಹುಬ್ಬು ಮೆಲ್ಲಗೆ ಸಡಿಲಾಯಿತು. ಮೊಣಕಾಲು ನೋವಿನ ದೆಸೆಯಿಂದ ನೆಲದ ಮೇಲೆ ಕೂಡುವುದನ್ನೇ ಬಿಟ್ಟು, ಲಗ್ನದ ಪಂಗತಿಯಲ್ಲೂ ಕುರ್ಚಿ ಕೇಳಿ ಮಂದಿಯ ನಗೆಗೀಡಾದ ಮನುಷ್ಯ. ಅವಲಕ್ಕಿಯನ್ನು ಅಲ್ಲಿಗೇ ತರಿಸಿಕೊಂಡರು. ಮಿರ್ಚಿ ಭಜಿ ಬಂತು, ಚಹಾ ಬಂತು. ಊಟದ ಹೊತ್ತಿಗೆ ಸಾವಂತ್ರವ್ವನ ಮನೆಯಿಂದ ರೊಟ್ಟಿ, ಪುಂಡಿಪಲ್ಯವೂ ಬಂತು. ಕುಳಗೇರಿ ಕ್ರಾಸಿಗೆ ಹೋಗುವ ಬಸ್ಸು ತಪ್ಪುತ್ತದೆಂದರೂ ಆಸಾಮಿ ಅಲುಗಾಡಲಿಲ್ಲ.

ಕೊನೆಗೆ ಕಲ್ಲೇಶ ಧೈರ್ಯ ಮಾಡಿ ಲಗ್ನದ ಮಾತೆತ್ತಿದ.

"ಹುಡುಗಿ ಕೊಡ್ತೇನ್ರಿ ಮಾಸ್ತರ," ಎಂದರು ದುರಗಪ್ಪ, ಕಾಲು ಆಡಿಸುತ್ತ. "ಆದ್ರ ನೀವು ಈ ಮನಿ ಬಿಡಂಗಿಲ್ಲ ನೋಡ್ರಿ."

ಕಲ್ಲೇಶನಿಗೆ ಸ್ವರ್ಗ ಮೂರೇ ಗೇಣು. ಹೊತ್ತು ಇಳಿಯಿತು. ಮಾವ ಮಾತ್ರ ಗೋಡೆಗೊರಗಿ, ಕುಣಿಯಲ್ಲಿ ಕಾಲು ಬಿಟ್ಟು, ಇನ್ನೊಂದು ಚಹಾ ಹೇಳಿದರು. ಕಲ್ಲೇಶ ತಲಬಾಗಿಲಿಗೆ ಹೋಗಿ, ಇವರು ಏಳುವುದು ಯಾವಾಗ ಎಂದು ಅಲ್ಲಿ ನಿಂತಿದ್ದ ಸಾವಂತ್ರವ್ವನನ್ನು ಪಿಸುದನಿಯಲ್ಲಿ ಕೇಳಿದ.

ಅವಳು ಒಳಗೆ ಇಣುಕಿ ನೋಡಿದಳು.

"ಆ ಕುಣ್ಯಾಗ ಕುಂತವ್ರು ಲಗೂ ಏಳಂಗಿಲ್ಲಪಾ. ಹನಮಪ್ಪ ಕುಂತಾಂವ, ಮೂವತ್ತು ವರ್ಷಕ್ಕ ಎದ್ದ."